ಸಹಾಯ ಬೇಕು: ರೇಟ್ ಕೇಳಿ ಸುಮ್ಮನಾಗುವವರನ್ನು ಮಾತಿಗೆಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಬಟ್ಟೆ ಬ್ಯಾಗ್ ಹೊಲಿದು ಮಾರಲು ಶುರು ಮಾಡಿ 3 ತಿಂಗಳಾಯಿತು. ವಾಟ್ಸಾಪ್ ಸ್ಟೇಟಸ್‌ಗೆ ಫೋಟೋ ಹಾಕಿದರೆ 'ಎಷ್ಟು?' ಅಂತ ಕೇಳುವವರಿಗೆ ಬರವಿಲ್ಲ. ರೇಟ್ ಹೇಳಿದ ಕೂಡಲೇ ನೀಲಿ ಟಿಕ್ ಬೀಳುತ್ತದೆ, ಆಮೇಲೆ ಸದ್ದೇ ಇಲ್ಲ! ಒಂದೇ ಮೆಸೇಜನ್ನು ತುಂಬಾ ಜನರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಕೂಡ ಮಾಡಿ ನೋಡಿದೆ. ನನ್ನ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ ಅಂತ ಆಮೇಲೆ ಗೊತ್ತಾಯಿತು. ಹೊಸಬರು ಯಾಕೆ ಸೇವ್ ಮಾಡುತ್ತಾರೆ, ಅಲ್ವಾ?

ಹೋದ ವಾರ ಒಬ್ಬರಿಗೆ ರೇಟ್ ಹೇಳುವ ಮೊದಲು 'ಯಾವುದಕ್ಕೆ ಬೇಕಿತ್ತು?' ಅಂತ ಕೇಳಿದೆ. ಲ್ಯಾಪ್‌ಟಾಪ್ ಜೊತೆ ನೀರಿನ ಬಾಟಲಿಯೂ ಹಿಡಿಸಬೇಕು ಅಂದರು. ಪಕ್ಕಕ್ಕೊಂದು ಜೇಬು ಹೊಲಿದು ಫೋಟೋ ಕಳಿಸಿದೆ, ತಗೊಂಡೇಬಿಟ್ಟರು. ಎಲ್ಲರಿಗೂ ಹೀಗೆ ಕೇಳಿದರೆ ಕಿರಿಕಿರಿ ಆಗುತ್ತಾ? ಸುಮ್ಮನಾದವರಿಗೆ ಮತ್ತೆ ಮೆಸೇಜ್ ಹಾಕಬಹುದಾ? ಎಷ್ಟು ದಿನ ಬಿಟ್ಟು? ಡಿಸ್ಕೌಂಟ್ ಕೊಡಿ ಅಂತ ಮಾತ್ರ ಹೇಳಬೇಡಿ, ಅದರಲ್ಲಿ ಕೈ ಸುಟ್ಟುಕೊಂಡಾಗಿದೆ.