ಸ್ಟುಟ್‌ಗಾರ್ಟ್ ಬಳಿಯ ಸಭೆಯಲ್ಲಿ ಸೇವೆ: ಬೇಸಿಗೆ ರಜೆಯಲ್ಲಿ ಯುವಜನರೊಂದಿಗೆ ಏನು ಮಾಡಬಹುದು?

ಪ್ರಶ್ನೆ

ಎಲ್ಲರಿಗೂ ವಂದನೆಗಳು. ಮಂಗಳೂರಿನ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಕ್ರೈಸ್ತ ಸಭೆಯೊಂದರಿಂದ ನಾನೂ ನನ್ನ ಹೆಂಡತಿಯೂ ಮೂರು ವರ್ಷಗಳ ಸೇವೆಗೆಂದು ಜರ್ಮನಿಯ ಸ್ಟುಟ್‌ಗಾರ್ಟ್ ಸಮೀಪದ ಪ್ರಾಟೆಸ್ಟಂಟ್ ಸಭೆಗೆ ಬಂದು ಎಂಟು ತಿಂಗಳಾಯಿತು. ಇಲ್ಲಿ ಜುಲೈ ಕೊನೆಯಿಂದ ಶಾಲೆಗಳಿಗೆ ಆರು ವಾರ ರಜೆ. ಹದಿನಾಲ್ಕರ ಸುಮಾರಿಗೆ ದೃಢೀಕರಣ (ದೀಕ್ಷಾಸ್ನಾನದ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ವಿಧಿ) ಮುಗಿಸಿದ ಮಕ್ಕಳು ಆಮೇಲೆ ಆರಾಧನೆಗೆ ಬರುವುದು ಅಪರೂಪ. ಊರಿನಲ್ಲಿ ಏಪ್ರಿಲ್‌–ಮೇ ತಿಂಗಳಲ್ಲಿ ನಡೆಸುತ್ತಿದ್ದ ವಿ.ಬಿ.ಎಸ್. (ರಜಾಕಾಲದ ಬೈಬಲ್ ಶಾಲೆ) ಮಾದರಿಯಲ್ಲಿ ಹತ್ತು ದಿನಗಳ ಕಾರ್ಯಕ್ರಮವನ್ನು ಸಿದ್ಧಪಡಿಸಿ ಅವರ ಮುಂದಿಟ್ಟಾಗ, ಹದಿನಾರರ ಹುಡುಗಿಯೊಬ್ಬಳು ಅದನ್ನು ಕೊನೆಯವರೆಗೂ ಓದಿ, "ಇದರಲ್ಲಿ ನಮ್ಮ ಕೆಲಸ ಯಾವುದು?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಅನುಭವವುಳ್ಳವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ 1

ಆ ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಅದೇ ಪ್ರಾಂತದಲ್ಲಿ ನಾಲ್ಕು ಬೇಸಿಗೆ ಕಳೆದವನು. ಮೊದಲನೆಯದನ್ನು ನಿಮ್ಮಂತೆಯೇ ಹಾಳು ಮಾಡಿಕೊಂಡೆ. ಸ್ಟುಟ್‌ಗಾರ್ಟ್‌ನಲ್ಲಿ 'ವಾಲ್ಡ್‌ಹೈಮ್' ಎಂಬ ಹಳೆಯ ಏರ್ಪಾಡಿದೆ. ನಗರದಂಚಿನ ಕಾಡುಗಳ ಬಳಿ ಸಭೆಗಳು ನಡೆಸುವ ಈ ರಜಾಶಿಬಿರಗಳಿಗೆ ಚಿಕ್ಕ ಮಕ್ಕಳು ಬೆಳಿಗ್ಗೆ ಬಂದು ಸಂಜೆ ಮನೆಗೆ ಮರಳುತ್ತಾರೆ, ಅವರನ್ನು ನೋಡಿಕೊಳ್ಳುವವರಲ್ಲಿ ಬಹುಪಾಲು ಯುವಜನರೇ. ನೀವು ಬಯಸುವ ಹದಿಹರೆಯದವರು ಅಲ್ಲಿ ಈಗಾಗಲೇ ಜವಾಬ್ದಾರಿ ಹೊತ್ತು ನಿಂತಿರುತ್ತಾರೆ. ಆದುದರಿಂದ ಪ್ರತ್ಯೇಕ ಕಾರ್ಯಕ್ರಮ ಕಟ್ಟುವ ಬದಲು ಅವರ ಕೈಕೆಳಗೆ ಸಹಾಯಕರಾಗಿ ಸೇರಿಕೊಳ್ಳಿ. ನನ್ನನ್ನು ಅಡುಗೆಮನೆಗೆ ಹಾಕಿದ್ದರು. ಆಲೂಗಡ್ಡೆ ಸುಲಿಯುತ್ತಾ ಕೂತಾಗ ಬಂದ ಪ್ರಶ್ನೆಗಳು ನನ್ನ ಬೈಬಲ್ ತರಗತಿಗಳಲ್ಲಿ ಎಂದೂ ಬಂದಿರಲಿಲ್ಲ.

ಕಾಗದಪತ್ರಗಳ ಮಾತೂ ಇದೆ. ಮಕ್ಕಳೊಂದಿಗೆ ಕೆಲಸ ಮಾಡುವವರಿಂದ ಪೊಲೀಸ್ ದಾಖಲೆಯ ವಿಸ್ತೃತ ಪ್ರಮಾಣಪತ್ರವನ್ನು ಕೇಳುತ್ತಾರೆ. ಅದನ್ನು ಅವಮಾನವೆಂದು ತಿಳಿಯದೆ ಮೇ ತಿಂಗಳಲ್ಲೇ ಅರ್ಜಿ ಹಾಕಿಬಿಡಿ. ಈಜಿಗೆ ಕರೆದೊಯ್ಯುವ ಮುನ್ನ ತಂದೆತಾಯಿಯರ ಲಿಖಿತ ಒಪ್ಪಿಗೆ ಇರಲಿ.

ಉತ್ತರ 2

ಅಣ್ಣ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಕಾಡಿನಲ್ಲಿ ಆಡಿ ಬಂದ ಸಂಜೆ ಮಕ್ಕಳು ಮೈಮೇಲೆ ಉಣುಗು ಹುಡುಕಿಕೊಳ್ಳುವ ಪದ್ಧತಿಯನ್ನು ತಪ್ಪಿಸಬೇಡಿ. ದಕ್ಷಿಣ ಜರ್ಮನಿಯ ಉಣುಗಿನಿಂದ ಮಿದುಳಿನ ಉರಿಯೂತ ತರುವ ರೋಗ ಹರಡುತ್ತದೆ. ಅದರ ವೈರಸ್ಸು ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ಸಿನ ಹತ್ತಿರದ ಬಂಧು. ಲಸಿಕೆ ಇದೆ, ನೀವಿಬ್ಬರೂ ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಿ.

ಊರಿನದೇನನ್ನಾದರೂ ಕಲಿಸಬೇಕೆಂದರೆ ಲಗೋರಿಗೆ ಸಮನಾದುದಿಲ್ಲ: ಏಳು ಚಪ್ಪಟೆ ಕಲ್ಲು, ಒಂದು ಚೆಂಡು, ಭಾಷೆಯ ಹಂಗೇ ಬೇಡ. ನೀರುದೋಸೆಗೆ ಮಾತ್ರ ಅಲ್ಲಿ ಪಾಯಸಕ್ಕೆ ಬಳಸುವ ಗುಂಡಕ್ಕಿಯನ್ನು ನೆನೆಸಬೇಡಿ. ನಾನು ಹಾಗೆ ಮಾಡಿ, ಮೂವತ್ತು ಮಂದಿಯ ಮುಂದೆ ಮೊದಲ ದೋಸೆ ಕಾವಲಿಗೆ ಅಂಟಿಕೊಂಡು, ಕೆರೆದರೂ ಏಳದೆ, ಕೊನೆಗೆ ಮುದ್ದೆಯಾಗಿ ತಟ್ಟೆಗೆ ಬಿದ್ದಿತು. ಮಕ್ಕಳು ಅದಕ್ಕೆ ಸಕ್ಕರೆ ಹಾಕಿಕೊಂಡು ತಿಂದರು ಎನ್ನುವುದು ಬೇರೆ ಮಾತು.

ಉತ್ತರ 3

ಒಂದು ದಿನದ ಪ್ರವಾಸಕ್ಕೆ ಪಕ್ಕದಲ್ಲೇ ಇರುವ ಎಸ್ಲಿಂಗನ್‌ಗೆ ಹೋಗಿ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ಕನ್ನಡ ನಿಘಂಟಿನ ಕಿಟೆಲ್ 1903ರಲ್ಲಿ ನಿಧನರಾದ ಟ್ಯೂಬಿಂಗನ್ನೂ ದೂರವಿಲ್ಲ. ನೀವು ಯಾವ ಊರಿನಿಂದ ಬಂದಿರೋ ಆ ಊರಿಗೆ ಅವರ ನಾಡಿನ ಯುವಕನೊಬ್ಬ ಹೋಗಿ ಭಾಷೆ ಕಲಿತು ಪತ್ರಿಕೆ ನಡೆಸಿದ ಸಂಗತಿ ಅಲ್ಲಿನ ಹುಡುಗರಲ್ಲಿ ಬಹುಮಂದಿಗೆ ಹೊಸದಾಗಿರುತ್ತದೆ. ಆದರೆ ಅದನ್ನು ಕೃತಜ್ಞತೆಯ ಭಾಷಣವಾಗಿಸಬೇಡಿ. ಅವರ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಡಿ, ತಾವೇ ತಿದ್ದಿ ಬರೆಯಲಿ. ಮಾತು ತಾನಾಗಿ ಹೊರಡುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ನನ್ನ ಪಟ್ಟಿಯನ್ನು ಹಿಂದಕ್ಕೆ ಪಡೆದು, ವಾಲ್ಡ್‌ಹೈಮ್‌ನಲ್ಲಿ ಕೆಲಸವಿದೆಯೇ ಎಂದು ಅದೇ ಹುಡುಗಿಯನ್ನು ಕೇಳಿದೆ. ಎರಡನೆಯ ವಾರ ಪಾತ್ರೆ ತೊಳೆಯುವವರು ಸಾಲದೆಂದು ತಿಳಿಸಿದಳು. ನಾವಿಬ್ಬರೂ ಹೆಸರು ಕೊಟ್ಟಿದ್ದೇವೆ.