ಹಳೆಯ ಡೆಸ್ಕ್‌ಟಾಪಿಗೆ ತಂದ ರ‍್ಯಾಮ್ ಸ್ಲಾಟಿನಲ್ಲಿ ಕೂರುತ್ತಿಲ್ಲ: ಯಾವುದನ್ನು ಕೊಳ್ಳಬೇಕು?

ಪ್ರಶ್ನೆ – ಬನಶಂಕರಿ ನಿವಾಸಿ

ನಮ್ಮ ಮನೆಯಲ್ಲಿ 2015ರಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪ್ ಇದೆ. ನಾಲ್ಕನೇ ಪೀಳಿಗೆಯ ಇಂಟೆಲ್ ಐ5 ಪ್ರೊಸೆಸರ್, ಎಚ್81 ಚಿಪ್‌ಸೆಟ್‌ನ ಮದರ್‌ಬೋರ್ಡ್, ಎರಡು ಸ್ಲಾಟುಗಳಲ್ಲಿ ಒಂದರಲ್ಲಿ ಮಾತ್ರ 4 ಜಿಬಿ ರ‍್ಯಾಮ್. ಮಗಳ ಆನ್‌ಲೈನ್ ತರಗತಿ ನಡೆಯುವಾಗ ಇನ್ನೆರಡು ಟ್ಯಾಬ್ ತೆರೆದರೆ ಸಾಕು, ಮೌಸ್ ಕೂಡ ನಿಂತುಬಿಡುತ್ತದೆ. ಕಳೆದ ಶನಿವಾರ ಎಸ್.ಪಿ. ರಸ್ತೆಗೆ ಹೋಗಿ ‘ಡೆಸ್ಕ್‌ಟಾಪಿಗೆ 8 ಜಿಬಿ ರ‍್ಯಾಮ್’ ಎಂದಷ್ಟೇ ಕೇಳಿ ತಂದೆ. ಮನೆಯಲ್ಲಿ ನೋಡಿದರೆ ಅದರ ಅಂಚಿನ ಕಚ್ಚು ಸ್ಲಾಟಿನ ಉಬ್ಬಿಗೆ ಹೊಂದುವುದೇ ಇಲ್ಲ. ಸ್ಟಿಕ್ಕರ್ ಮೇಲೆ ‘ಪಿಸಿ4’ ಎಂದು ಆರಂಭವಾಗುವ ಬರಹವಿದೆ; ಹಳೆಯದರ ಮೇಲೆ ‘4ಜಿಬಿ 1ಆರ್×8 ಪಿಸಿ3-12800ಯು’ ಎಂದಿದೆ. ಅಂಗಡಿಯವರು ಬದಲಾಯಿಸಿಕೊಡಲು ಒಪ್ಪಿದ್ದಾರೆ. ಏನೆಂದು ಕೇಳಬೇಕು, ಹಳೆಯ 4 ಜಿಬಿಯನ್ನು ಉಳಿಸಿಕೊಳ್ಳಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ – ರಾಜಾಜಿನಗರದ ರಿಪೇರಿಯವರು

ಒತ್ತಿ ಕೂರಿಸಲು ಹೋಗದಿದ್ದುದು ಒಳ್ಳೆಯದಾಯಿತು ಸರ್. ಹಾಗೆ ಮಾಡಿ ಸ್ಲಾಟನ್ನೇ ಸೀಳಿಕೊಂಡು ಬಂದವರನ್ನು ಕಂಡಿದ್ದೇನೆ. ನೀವು ತಂದಿರುವುದು ಡಿಡಿಆರ್4, ನಿಮ್ಮ ಬೋರ್ಡಿಗೆ ಬೇಕಾದದ್ದು ಡಿಡಿಆರ್3. ಮೊದಲನೆಯದಕ್ಕೆ 288 ಪಿನ್, 1.2 ವೋಲ್ಟ್, ಎರಡನೆಯದಕ್ಕೆ 240 ಪಿನ್, 1.5 ವೋಲ್ಟ್. ಒಂದರ ಜಾಗದಲ್ಲಿ ಇನ್ನೊಂದು ಕೂರದಿರಲೆಂದೇ ಕಚ್ಚಿನ ಸ್ಥಾನವನ್ನು ಬದಲಿಸಿದ್ದಾರೆ.

ನಿಮಗೆ ಬೇಕಾದ ಉತ್ತರ ಹಳೆಯ ಸ್ಟಿಕ್ಕರ್‌ನಲ್ಲೇ ಇದೆ. ‘ಪಿಸಿ3’ ಎಂದರೆ ಡಿಡಿಆರ್3. 12800 ಎಂಬುದು ಸೆಕೆಂಡಿಗೆ ಸಾಗುವ ಮೆಗಾಬೈಟುಗಳ ಲೆಕ್ಕ; ಅದನ್ನು 8ರಿಂದ ಭಾಗಿಸಿದರೆ ಅಂಗಡಿಯಲ್ಲಿ ಹೇಳುವ 1600 ಸಿಗುತ್ತದೆ. ಕೊನೆಯ ‘ಯು’ ಅಕ್ಷರವನ್ನು ಮಾತ್ರ ಮರೆಯಬೇಡಿ. ಸರ್ವರ್‌ಗಳಿಂದ ಬಿಚ್ಚಿದ ಅಗ್ಗದ ರ‍್ಯಾಮ್‌ಗಳೂ ಮಾರುಕಟ್ಟೆಯಲ್ಲಿ ಓಡಾಡುತ್ತಿರುತ್ತವೆ. ಅವುಗಳಲ್ಲಿ ಆ ಜಾಗದಲ್ಲಿ ‘ಆರ್’ ಇದ್ದರೆ, ಸ್ಲಾಟಿನಲ್ಲಿ ಸರಿಯಾಗಿ ಕೂತರೂ ನಿಮ್ಮ ಯಂತ್ರ ಏಳುವುದಿಲ್ಲ. ‘ಪಿಸಿ3ಎಲ್’ ಎಂದಿದ್ದರೆ ಚಿಂತೆಯಿಲ್ಲ, ಅದು 1.35 ವೋಲ್ಟಿನದು, 1.5ರಲ್ಲಿಯೂ ನಡೆಯುತ್ತದೆ.

ಹಳೆಯದನ್ನು ಉಳಿಸಿಕೊಳ್ಳಿ. 4 ಮತ್ತು 8 ಜೊತೆಗೂಡಿದಾಗ ಎರಡರಿಂದಲೂ ನಾಲ್ಕು ನಾಲ್ಕು ಜಿಬಿ ಡ್ಯುಯಲ್ ಚಾನೆಲ್‌ನಲ್ಲಿಯೂ (ಎರಡು ದಾರಿಗಳಲ್ಲಿ ಒಟ್ಟಿಗೆ, ವೇಗವಾಗಿ) ಮಿಕ್ಕ ನಾಲ್ಕು ಜಿಬಿ ಸಿಂಗಲ್ ಚಾನೆಲ್‌ನಲ್ಲಿಯೂ (ಒಂದೇ ದಾರಿಯಲ್ಲಿ) ಕೆಲಸ ಮಾಡುತ್ತವೆ. ತರಗತಿ, ಬ್ರೌಸರ್‌ಗಳಿಗೆ ಆ ವ್ಯತ್ಯಾಸ ಗೊತ್ತೇ ಆಗದು.

ಉತ್ತರ – ಜಯನಗರದ ಓದುಗರು

ಹಣ ಕೊಡುವ ಮುನ್ನ ವಿಂಡೋಸ್ 64 ಬಿಟ್‌ನದೇ ಎಂದು ನೋಡಿಕೊಳ್ಳಿ. 32 ಬಿಟ್ ಆಗಿದ್ದರೆ 4 ಜಿಬಿಗಿಂತ ಹೆಚ್ಚಿನದು ಇದ್ದೂ ಇಲ್ಲದಂತೆ. ಎಚ್81 ಬೋರ್ಡಿನ ಗರಿಷ್ಠ ಮಿತಿ 16 ಜಿಬಿಯಾದರೂ ಅಲ್ಲಿಯವರೆಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ: ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಾಲ್ಕನೇ ಪೀಳಿಗೆಯ ಪ್ರೊಸೆಸರ್‌ಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಇನ್ನೂ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಉಳಿದ ಹಣವನ್ನು ಎಸ್‌ಎಸ್‌ಡಿಗೆ ಹಾಕಿ.

ಬನಶಂಕರಿ ನಿವಾಸಿ

ಇಬ್ಬರಿಗೂ ಧನ್ಯವಾದಗಳು. ವಿಂಡೋಸ್ 64 ಬಿಟ್‌ನದೇ ಇದೆ. ಇಂದು ಅಂಗಡಿಯಲ್ಲಿ ಎರಡು 8 ಜಿಬಿ ಡಿಡಿಆರ್3 ತೋರಿಸಿದರು. ಎರಡರಲ್ಲೂ 16 ಚಿಪ್‌ಗಳಿವೆ, ಎರಡರಲ್ಲೂ ‘ಯು’ ಇದೆ. ಆದರೆ ಒಂದರಲ್ಲಿ ‘2ಆರ್×8’, ಅಗ್ಗದ ಇನ್ನೊಂದರಲ್ಲಿ ‘1ಆರ್×4’ ಎಂದಿದೆ. ಕೊಳ್ಳದೆ ಫೋಟೊ ಮಾತ್ರ ತೆಗೆದುಕೊಂಡು ಬಂದಿದ್ದೇನೆ.

ರಾಜಾಜಿನಗರದ ರಿಪೇರಿಯವರು

×8 ಇರುವುದನ್ನೇ ತನ್ನಿ. × ನಂತರದ ಅಂಕಿ ಒಂದೊಂದು ಚಿಪ್ ಒಮ್ಮೆಗೆ ಎಷ್ಟು ಬಿಟ್ ಸಾಗಿಸುತ್ತದೆ ಎಂಬುದು. ×4 ಚಿಪ್‌ಗಳ ಇಂಥ ರ‍್ಯಾಮ್‌ಗಳನ್ನು ‘ಎಎಮ್‌ಡಿಗೆ ಮಾತ್ರ’ ಎಂದು ಮಾರುತ್ತಾರೆ, ಇಂಟೆಲ್ ಬೋರ್ಡುಗಳಲ್ಲಿ ಅವು ನಡೆಯುವುದಿಲ್ಲ. ಚಿಪ್ ಎಣಿಸಿದರೆ ಇದು ತಿಳಿಯದು, ಸ್ಟಿಕ್ಕರನ್ನೇ ಓದಬೇಕು.

ಕೂರಿಸುವ ಮುನ್ನ ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್ಟಿನ ಬರಿಯ ಲೋಹವನ್ನೊಮ್ಮೆ ಮುಟ್ಟಿ, ಹಳೆಯದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒರೆಸಿಬಿಡಿ. ತುದಿಯ ಕ್ಲಿಪ್ ಟಕ್ಕೆಂದು ತಾನೇ ಮುಚ್ಚಿಕೊಳ್ಳುವವರೆಗೆ ಎರಡೂ ಬದಿಯಲ್ಲಿ ಸಮನಾಗಿ ಒತ್ತಬೇಕು. ಪರದೆ ಕಪ್ಪಾಗಿಯೇ ಉಳಿದರೆ ಒಂದೊಂದನ್ನೇ ಹಾಕಿ ನೋಡಿ. 12 ಜಿಬಿ ಕಾಣಿಸಿಕೊಂಡ ಮೇಲೂ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶವಾದ ಮೆಮ್‌ಟೆಸ್ಟ್86+ ಅನ್ನು ಒಂದು ರಾತ್ರಿ ಓಡಿಸಿ. ದೋಷವೇನಾದರೂ ಕಂಡರೆ ಅಂಗಡಿಯವರ ಬದಲಾವಣೆಯ ಗಡುವು ಮುಗಿಯುವುದರೊಳಗೆ ಹಿಂದಿರುಗಿಸಬಹುದು.