ಅಜ್ಜಿ ಹೋದ ಮೇಲೆ ಕಾಗದಪತ್ರದ ಕೆಲಸ ಎಲ್ಲಿಂದ ಶುರು ಮಾಡೋದು?

ಕೇಳಿದ್ದು, ತುಮಕೂರು ಕಡೆಯಿಂದ:
ಕಳೆದ ಶನಿವಾರ ಬೆಳಗಿನ ಜಾವ ನಮ್ಮಜ್ಜಿ ಊರಿನ ಮನೆಯಲ್ಲೇ ತೀರಿಕೊಂಡರು. ಮಣ್ಣು ಮುಗೀತು, ಹನ್ನೊಂದನೇ ದಿನದ ತಿಥಿಗೆ ಇನ್ನು ಐದು ದಿನ. ಅಪ್ಪನಿಗೆ ಏನೂ ತೋಚ್ತಿಲ್ಲ, ಎಲ್ಲದಕ್ಕೂ ನನ್ನ ಮುಖ ನೋಡ್ತಾರೆ. ಎರಡು ಎಕರೆ ಚಿಲ್ಲರೆ ಜಮೀನು ಅಜ್ಜಿ ಹೆಸರಲ್ಲಿದೆ. ವಿಲ್ ಏನೂ ಬರೆದಿಲ್ಲ. ಬ್ಯಾಂಕಲ್ಲಿ ಒಂದು ಖಾತೆ, ಅದಕ್ಕೆ ತಿಂಗಳ ಪೆನ್ಷನ್ ಬರ್ತಿತ್ತು. ಅತ್ತೆಯರು ಮೂರು ಜನ. ಅನುಭವ ಇದ್ದವರು ದಯವಿಟ್ಟು ಹೇಳಿ.

ಹಾಸನದಿಂದ:
ಮೊದಲು ಡೆತ್ ಸರ್ಟಿಫಿಕೇಟ್. ಮಿಕ್ಕಿದ್ದೆಲ್ಲ ಅದರ ಹಿಂದೆ. ಆಸ್ಪತ್ರೆಯಲ್ಲಿ ಹೋದರೆ ಅವರೇ ವರದಿ ಕಳಿಸ್ತಾರೆ. ಮನೆಯಲ್ಲಿ ಹೋದರೆ ಮನೆಯವರೇ ಹೋಗಿ ಬರೆಸಬೇಕು. 21 ದಿನದೊಳಗೆ ನೋಂದಣಿ ಆದರೆ ಶುಲ್ಕವಿಲ್ಲ. ವರ್ಷ ದಾಟಿತೋ, ಮ್ಯಾಜಿಸ್ಟ್ರೇಟರ ಆದೇಶ ಬೇಕು. ನಮ್ಮ ತಾತ ಹೋದಾಗ ಚಿಕ್ಕಪ್ಪ ಮಾಡಿಸಿರ್ತಾನೆ ಅಂತ ಅಪ್ಪ, ಅಣ್ಣ ಮಾಡಿಸಿರ್ತಾನೆ ಅಂತ ಚಿಕ್ಕಪ್ಪ. ಒಂದೂವರೆ ವರ್ಷ ಆದ ಮೇಲೆ ಪೌತಿ ಖಾತೆಗೆ, ಅಂದ್ರೆ ಜಮೀನನ್ನ ವಾರಸುದಾರರ ಹೆಸರಿಗೆ ಮಾಡಿಸೋಕೆ ಹೋದಾಗ ಗೊತ್ತಾಯ್ತು, ಸರ್ಕಾರದ ಲೆಕ್ಕದಲ್ಲಿ ತಾತ ಇನ್ನೂ ಬದುಕಿದ್ದರು! ಐದಾರು ಪ್ರತಿ ಇಟ್ಟುಕೊಳ್ಳಿ, ಹೋದ ಕಡೆಯೆಲ್ಲ ಕೇಳ್ತಾರೆ.

ಇನ್ನೊಂದು ಮಾತು. ತಿಥಿಗೆ ಹೇಗಿದ್ರೂ ಎಲ್ಲರೂ ಸೇರ್ತಾರೆ. ಆಧಾರ್ ಜೆರಾಕ್ಸ್, ಸಹಿ ಅವತ್ತೇ ತಗೊಂಡುಬಿಡಿ. ಆಮೇಲೆ ಒಬ್ಬೊಬ್ಬರನ್ನ ಹುಡುಕಿಕೊಂಡು ಅಲೆಯೋದು ಯಾರಿಗೆ ಬೇಕು.

ಧಾರವಾಡದಿಂದ:
ಹೆಸರು ಬರಸೂ ಮುಂದ ಜ್ವಾಕಿ ರೀ. ನಮ್ಮ ಆಯಿಗೆ ಉತಾರದಾಗ, ಅಂದ್ರ ಪಹಣ್ಯಾಗ, ಮನ್ಯಾಗ ಕರಿಯೂ ಹೆಸರು, ಆಧಾರದಾಗ ಇಟ್ಟ ಹೆಸರು. ಇಬ್ಬರೂ ಒಬ್ಬರ ಅಂತ ತೋರಸೂದರಾಗ ಆರು ತಿಂಗಳು ಹೋತು. ಅರ್ಜಿ ಕೊಡೂಕಿಂತ ಮೊದಲ ಉತಾರ, ಪಾಸ್‌ಬುಕ್ಕ, ಆಧಾರ ಮೂರೂ ಬಾಜೂಕ ಇಟ್ಟು ನೋಡ್ರಿ.

ಪೆನ್ಷನ್ ರೊಕ್ಕ ಎಟಿಎಂದಾಗ ತಗೀಬ್ಯಾಡ್ರಿ. ತೀರಿಕೊಂಡ ಮ್ಯಾಲೆ ಜಮಾ ಆದದ್ದು ನಮ್ಮದಲ್ಲ. ನಮ್ಮ ಕಾಕಾನ ಮಗ ಎರಡು ತಿಂಗಳದ್ದು ತಗದ, ಆಮ್ಯಾಲೆ ಹೊಳ್ಳಿ ತುಂಬೂ ಪಾಳಿ ಬಂತು.

ಉಡುಪಿಯಿಂದ:
ಅಜ್ಜಿಯ ಸಿಮ್ ಈಗಲೇ ಬಂದ್ ಮಾಡಿಸ್ಬೇಡಿ ಮಾರಾಯ್ರೆ. ಬ್ಯಾಂಕು, ಗ್ಯಾಸು ಎಲ್ಲದರ ಮೆಸೇಜು ಬರುವುದು ಅದಕ್ಕೇ. ಖಾತೆಗೆ ನಾಮಿನಿ ಇದ್ದರೆ ಕೆಲಸ ಹಗುರ, ಆದರೆ ನಾಮಿನಿ ಅಂದ್ರೆ ವಾರಸುದಾರ ಅಲ್ಲ. ದುಡ್ಡು ಅವರ ಕೈಗೆ ಬರ್ತದೆ, ಹಂಚಬೇಕಾದವರಿಗೆ ಹಂಚಬೇಕು. ರೇಷನ್ ಕಾರ್ಡಿನಲ್ಲಿ ಅಜ್ಜಿಯೇ ಯಜಮಾನಿಯಾ? ಹಾಗಾದ್ರೆ ಅವರ ಹೆಸರು ತೆಗೆಸಿ ನಿಮ್ಮಮ್ಮನನ್ನು ಯಜಮಾನಿ ಮಾಡಿಸಿ, ಗೃಹಲಕ್ಷ್ಮಿಯ 2,000ಕ್ಕೆ ಹೊಸದಾಗಿ ಅರ್ಜಿ ಹಾಕಿ.

ಮಂಡ್ಯದಿಂದ:
ಹಾಸನದವರ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ನಾನೂ ಒಬ್ಬಳು ಅತ್ತೆ. ನಮ್ಮವ್ವನ ತಿಥಿ ದಿನ ಉಂಡ ಎಲೆ ಎತ್ತಿರಲಿಲ್ಲ, ಅಣ್ಣನ ಮಗ ಕಾಗದ ಹಿಡ್ಕೊಂಡು ಬಂದ. "ಪೌತಿಗೆ ಅತ್ತೆ, ಇಲ್ಲೊಂದು ಸಹಿ." ಓದದೆ ಹಾಕಿದೆ. ವಂಶವೃಕ್ಷದಲ್ಲಿ ನನ್ನ ಹೆಸರೂ ಇಲ್ಲ, ತಂಗಿ ಹೆಸರೂ ಇಲ್ಲ ಅಂತ ಆಮೇಲೆ ಗೊತ್ತಾಯ್ತು. ನನಗೆ ಜಮೀನು ಬೇಕಿರಲಿಲ್ಲ, ಕೇಳಿದ್ದರೆ ಬಿಟ್ಟುಕೊಡ್ತಿದ್ದೆ. ಮೂರು ವರ್ಷದಿಂದ ತವರಿಗೆ ಕಾಲಿಟ್ಟಿಲ್ಲ.

ಅದಕ್ಕೇ ಹೇಳ್ತೀನಿ ಕಣಪ್ಪ. ನೋಟರಿ ಅಫಿಡವಿಟ್ ಮಾಡಿಸಿ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಕೊಡುವಾಗ ಮೂರೂ ಅತ್ತೆಯರ ಹೆಸರು ಬರೆಸು. ತೀರಿಕೊಂಡ ಮಕ್ಕಳಿದ್ದರೆ ಅವರ ಮಕ್ಕಳದ್ದೂ. ವಿಲ್ ಇಲ್ಲ ಅಂದ್ಮೇಲೆ ಗಂಡುಮಕ್ಕಳಷ್ಟೇ ಪಾಲು ಹೆಣ್ಣುಮಕ್ಕಳಿಗೂ ಉಂಟು. ಬೇಡ ಅನ್ನೋರು ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರ ಬರ್ಕೊಡ್ತಾರೆ. ಅದು ತಿಥಿ ಚಪ್ಪರದ ಕೆಳಗೆ ಆಗೋ ಕೆಲಸ ಅಲ್ಲ.

ಹಾಸನದಿಂದ:
ಅಕ್ಕಾ, ನೀವು ಹೇಳಿದ್ದು ಸರಿ. ನಾನು ಜೆರಾಕ್ಸ್ ಲೆಕ್ಕವನ್ನಷ್ಟೇ ನೋಡಿದ್ದೆ.

ಕೇಳಿದವರು ಮತ್ತೆ:
ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಹೋಗಿ ನೋಂದಣಿಗೆ ಅರ್ಜಿ ಕೊಟ್ಟು ಬಂದೆ. ಸಂಜೆ ಮೂರೂ ಅತ್ತೆಯರಿಗೆ ಫೋನ್ ಮಾಡಿ, ಜಮೀನಿನ ವಿಷಯ ತಿಥಿ ಕಳೆದು ಒಂದಿನ ಎಲ್ಲರೂ ಕೂತು ಮಾತಾಡೋಣ, ನಿಮ್ಮ ಹೆಸರು ಬಿಡಲ್ಲ ಅಂದೆ. ದೊಡ್ಡತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಪಾಸ್‌ಬುಕ್ಕು, ಹಳೇ ಕಂದಾಯದ ರಸೀದಿ ಎಲ್ಲ ಅಡುಗೆಮನೆ ಅಟ್ಟದ ಮೇಲೆ ಬಿಸ್ಕತ್ ಡಬ್ಬದಲ್ಲಿದೆ ನೋಡು ಅಂದರು. ಅಪ್ಪ ಮೂರು ದಿನದಿಂದ ಟ್ರಂಕು, ಬೀರು ಎಲ್ಲ ಜಾಲಾಡ್ತಿದ್ದರು.